ಅಡುಗೆಮನೆಯಿಂದ ಅಡಿಕೆ ಶೆಡ್‌ಗೆ ಫೋನ್: ನಾಲ್ಕು ಥರದ ಇಂಟರ್‌ಕಾಮ್ ಹಾಕಿ ನೋಡಿದ್ದು

ನಮ್ಮ ಮನೆ ಶಿರಸಿ ಕಡೆಯ ಒಂದು ಹಳ್ಳಿಯಲ್ಲಿದೆ. ಮೊಬೈಲ್ ಸಿಗ್ನಲ್ ಬೇಕು ಅಂದರೆ ಅಂಗಳದ ಮೂಲೆಗೆ ಹೋಗಿ ನಿಲ್ಲಬೇಕು. ನಾನು ಮಹಡಿಯಲ್ಲಿ ಕೂತು ಕಂಪನಿ ಕೆಲಸ ಮಾಡುತ್ತೇನೆ, ಅಮ್ಮ ಅಡುಗೆಮನೆಯಲ್ಲಿ, ಅಪ್ಪ ಕೊಯ್ಲಿನ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೂ 90 ಮೀಟರ್ ಕೆಳಗಿರುವ ಅಡಿಕೆ ಶೆಡ್‌ನಲ್ಲಿ. ಒಂದು ದಿನ "ತಮಾ, ಊಟಕ್ಕೆ ಬಾರೋ" ಅಂತ ಅಮ್ಮ ಕೂಗಿದ್ದು ನನ್ನ ಮೀಟಿಂಗ್‌ನಲ್ಲಿದ್ದ ಅಷ್ಟೂ ಜನರಿಗೆ ಕೇಳಿಸಿತು. ಇಂಟರ್‌ಕಾಮ್ ಹುಡುಕಾಟ ಶುರುವಾಗಿದ್ದು ಅಲ್ಲಿಂದ.

ವಾಟ್ಸಾಪ್ ಕಾಲ್ ಇದೆಯಲ್ಲ ಅಂತ ಕೇಳುತ್ತೀರಿ. ಮನೆಯಲ್ಲಿ ಫೈಬರ್ ನೆಟ್ ಇದೆ, ನಿಜ. ಆದರೆ ಮಳೆಗಾಲದಲ್ಲಿ ಒಂದು ಕೊಂಬೆ ಬಿದ್ದರೆ ಎರಡು ದಿನ ಬರಲ್ಲ. ಕೆಳಗಿನ ಕೋಣೆಗೆ ಫೋನ್ ಮಾಡೋಕೆ ಊರಾಚೆಯ ನೆಟ್ ಯಾಕೆ ಬೇಕು, ಅಲ್ವಾ?

ಮೊದಲು ತಂದಿದ್ದು ಎರಡು ಹ್ಯಾಂಡ್‌ಸೆಟ್‌ನ ಜೋಡಿ ಇಂಟರ್‌ಕಾಮ್, ಗೇಟಿಗೂ ಬಾಗಿಲಿಗೂ ಹಾಕುತ್ತಾರಲ್ಲ ಅದು. ನನಗೆ 1,400 ರೂಪಾಯಿ ಬಿತ್ತು. ಬಟನ್ ಒತ್ತಿದರೆ ಆ ಕಡೆ ಸದ್ದು ಬರುತ್ತದೆ, ಎತ್ತಿ ಮಾತಾಡುವುದು, ಅಷ್ಟೇ. ಎರಡೇ ಜಾಗ ಸಾಕು ಅನ್ನುವವರು ಮುಂದೆ ಓದುವುದೇ ಬೇಡ, ಇದನ್ನೇ ತಗೊಳ್ಳಿ. ನಮಗೆ ಮೂರು ಜಾಗ ಬೇಕಿತ್ತು.

ಹಾಗಾದರೆ ಹಳೇ ಲ್ಯಾಂಡ್‌ಲೈನ್ ಫೋನ್‌ಗಳನ್ನೇ ಪ್ಯಾರಲಲ್ ಹಾಕಿದರೆ ಆಗಲ್ವಾ ಅಂದರು ಅಪ್ಪ. ಆಗಲ್ಲ. ಎರಡು ಫೋನ್ ಒಂದೇ ಜೋಡಿ ತಂತಿಯಲ್ಲಿದ್ದರೆ, ತಂತಿಗೆ ಕರೆಂಟ್ ಇರುವವರೆಗೂ ಮಾತೇನೋ ಕೇಳಿಸುತ್ತದೆ, ಆದರೆ ಒಂದರಿಂದ ಇನ್ನೊಂದಕ್ಕೆ ರಿಂಗ್ ಕೊಡೋಕಾಗಲ್ಲ. ರಿಂಗ್ ಕೊಡುವುದು ಎಕ್ಸ್‌ಚೇಂಜಿನ ಕೆಲಸ. ಆ ಕೆಲಸವನ್ನು ಮನೆಯೊಳಗೇ ಮಾಡುವ ಪೆಟ್ಟಿಗೆಗೆ ಇಪಿಎಬಿಎಕ್ಸ್ ಅಂತಾರೆ. ಹೋಟೆಲು, ಆಸ್ಪತ್ರೆ ಕೌಂಟರ್‌ಗಳಲ್ಲಿ ನೋಡಿರುತ್ತೀರಿ.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ 2 ಹೊರಗಿನ ಲೈನ್, 8 ಎಕ್ಸ್‌ಟೆನ್ಷನ್ (ಒಳಗಿನ ಫೋನ್) ಹಾಕಬಹುದಾದ ಸೆಕೆಂಡ್‌ಹ್ಯಾಂಡ್ ಪೆಟ್ಟಿಗೆ 3,500ಕ್ಕೆ ಸಿಕ್ಕಿತು. ಅಟ್ಟದ ಮೇಲೆ ಬಿದ್ದಿದ್ದ ಹಳೇ ಫೋನ್‌ಗಳನ್ನು ಒರೆಸಿ ಸಿಕ್ಕಿಸಿದೆ. ಅಡುಗೆಮನೆ 21, ಮಹಡಿ 22, ಶೆಡ್ 23. ಫೋನ್‌ಗಳಿಗೆ ಬೇರೆ ಪ್ಲಗ್ ಬೇಕಿಲ್ಲ, ಕರೆಂಟ್ ಅದೇ ಎರಡು ತಂತಿಯಲ್ಲಿ ಬರುತ್ತದೆ, ಹಾಗಾಗಿ ಪೆಟ್ಟಿಗೆ ಒಂದನ್ನು ಇನ್ವರ್ಟರ್‌ಗೆ ಹಾಕಿದರೆ ಮನೆಯಿಡೀ ಫೋನ್ ನಡೆಯುತ್ತದೆ. ಒಂದು ಎಚ್ಚರಿಕೆ: ಸುಮ್ನೆ ಇದ್ದಾಗ ಈ ತಂತಿ ಮುಟ್ಟಿದರೆ ಏನೂ ಗೊತ್ತಾಗಲ್ಲ, ಆದರೆ ರಿಂಗ್ ಬರುವಾಗ ಸುಮಾರು 75 ವೋಲ್ಟ್ ಎಸಿ ಹರಿಯುತ್ತದೆ. ನಾನು ಏಣಿ ಮೇಲೆ ನಿಂತು ತಂತಿಯ ತುದಿಯನ್ನು ಹಲ್ಲಲ್ಲಿ ಸುಲಿಯುತ್ತಿದ್ದಾಗ, ಸರಿಯಾಗಿದೆಯಾ ನೋಡೋಣ ಅಂತ ಅಮ್ಮ 23 ಒತ್ತಿದಳು. ಸರಿಯಾಗಿತ್ತು.

ಅಮ್ಮನಿಗೆ ಇದು ಕಲಿಸಬೇಕಾಗಲೇ ಇಲ್ಲ. ರಿಸೀವರ್ ಎತ್ತು, ಟೋನ್ ಕೇಳು, ಎರಡು ನಂಬರ್ ಒತ್ತು. ಕೈಗೆ ಹಿಟ್ಟು ಮೆತ್ತಿದ್ದರೆ ಬೆರಳಿನ ಗೆಣ್ಣಲ್ಲಿ ಒತ್ತುತ್ತಾಳೆ. ಟಚ್‌ಸ್ಕ್ರೀನ್ ಮೇಲೆ ಹಿಟ್ಟಿನ ಕೈ ಇಟ್ಟು ನೋಡಿ, ಗೊತ್ತಾಗುತ್ತದೆ.

ಇದನ್ನು ಕೆಡಿಸಿದ್ದು ಸಿಡಿಲು. ಶೆಡ್‌ಗೆ ತಂತಿಯನ್ನು ಮರದಿಂದ ಮರಕ್ಕೆ ಕಟ್ಟಿಕೊಂಡು ಒಯ್ದಿದ್ದೆ. ಗುಡುಗು ಶುರುವಾದರೆ ಅಮ್ಮ ಹೋಗಿ ಪಿನ್ ಕೀಳುತ್ತಿದ್ದಳು. ಮೇ ತಿಂಗಳಲ್ಲಿ ಒಂದು ಸಂಜೆ ಎಲ್ಲರೂ ಮದುವೆಮನೆಯಲ್ಲಿದ್ದೆವು. ವಾಪಸ್ ಬಂದು ನೋಡಿದರೆ ಶೆಡ್‌ನ ಫೋನ್ ಸುಟ್ಟ ವಾಸನೆ, ಪೆಟ್ಟಿಗೆಯಲ್ಲಿ 23 ಮತ್ತು ಅದರ ಪಕ್ಕದ 24 ಎರಡೂ ಸತ್ತಿದ್ದವು. ಸಿಡಿಲು ನೇರ ಬೀಳಬೇಕು ಅಂತಿಲ್ಲ, ಹತ್ತಿರ ಎಲ್ಲೋ ಬಿದ್ದರೂ ಉದ್ದ ತಾಮ್ರದ ತಂತಿ ಸಾಕು. ಮಲೆನಾಡಿನಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಲ್ಲಿ ತಾಮ್ರ ಎಳೆಯಬೇಡಿ.

ತಂತಿಯೇ ಬೇಡ ಅಂತ ಮೂರು ಹ್ಯಾಂಡ್‌ಸೆಟ್‌ನ ಕಾರ್ಡ್‌ಲೆಸ್ ತಂದೆ. ಈ ಡೆಕ್ಟ್ ಫೋನ್‌ಗಳು 1880ರಿಂದ 1900 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ಹಾಗಾಗಿ ವೈಫೈ ಜತೆ ಜಗಳವಿಲ್ಲ. ದನಿ ಬಹಳ ಚೆನ್ನಾಗಿದೆ. ಇಂಟರ್‌ಕಾಮ್ ಬಟನ್ ಒತ್ತಿ 2 ಅಂದರೆ ಮಹಡಿ. ಮನೆಯೊಳಗೆ 50 ಮೀಟರ್, ಬಯಲಲ್ಲಿ 300 ಮೀಟರ್ ಅಂತ ಡಬ್ಬಿ ಮೇಲೆ ಬರೆದಿರುತ್ತಾರೆ, ಆದರೆ ನಮ್ಮದು ಎರಡಡಿ ದಪ್ಪದ ಮಣ್ಣಿನ ಗೋಡೆ, ಶೆಡ್‌ನ ತಗಡು ಬೇರೆ. ಅಲ್ಲಿ ಮಾತು ತುಂಡು ತುಂಡು. ಒಂದಿನ ಅಪ್ಪ ಹ್ಯಾಂಡ್‌ಸೆಟ್ ಕಳೆದರು. ಬೇಸ್ ಅಂದರೆ ಪ್ಲಗ್‌ಗೆ ಹಾಕಿಡುವ ಮುಖ್ಯ ಪೆಟ್ಟಿಗೆ, ಅದರ ಬಟನ್ ಒತ್ತಿದರೆ ಅದು ಕೂಗಬೇಕು, ಆದರೆ ಸಿಗ್ನಲ್ ಸಿಗದ ಜಾಗದಲ್ಲಿದ್ದರೆ ಎಲ್ಲಿ ಕೂಗುತ್ತೆ? ಮೂರನೇ ದಿನ ಅಡಿಕೆ ಸಿಪ್ಪೆಯ ರಾಶಿಯಲ್ಲಿ ಸಿಕ್ಕಿತು. ಪೇಟೆಯ ಎರಡು ಮೂರು ಮಹಡಿಯ ಮನೆಗಾದರೆ ನಾನು ಇದನ್ನೇ ಹೇಳುತ್ತೇನೆ, ಗೋಡೆ ಕೊರೆಯುವ ರಗಳೆಯೇ ಇಲ್ಲ.

ನಾಲ್ಕನೆಯದು ನನ್ನ ಸ್ವಂತ ಹುಚ್ಚು. ಆಸ್ಟರಿಸ್ಕ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, 1999ರಲ್ಲಿ ಮಾರ್ಕ್ ಸ್ಪೆನ್ಸರ್ ಶುರುಮಾಡಿದ್ದು. ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಮೇಲೆ ಹಾಕಿದರೆ ಅದೇ ಎಕ್ಸ್‌ಚೇಂಜ್ ಆಗುತ್ತದೆ. ಹೊರಗಿನ ನೆಟ್ ಬೇಕಿಲ್ಲ, ರೂಟರ್ ಆನ್ ಇದ್ದರೆ ಸಾಕು. ಒಂದು ಕರೆಗೆ ಒಂದೊಂದು ದಿಕ್ಕಿನಲ್ಲಿ 100 ಕೆಬಿಪಿಎಸ್ ಕೂಡ ಹಿಡಿಯಲ್ಲ. ಎಲ್ಲರ ಮೊಬೈಲಿಗೂ ಆ್ಯಪ್ ಹಾಕಿ, ನಂಬರ್ ಕೊಟ್ಟು, ದೊಡ್ಡ ಸಾಧನೆ ಮಾಡಿದವನ ಹಾಗೆ ಕೂತೆ. ಮಾರನೇ ದಿನದಿಂದ ಅಮ್ಮನ ಮೊಬೈಲ್ ರಿಂಗೇ ಆಗಲಿಲ್ಲ. ಬ್ಯಾಟರಿ ಉಳಿಸೋಕೆ ಫೋನು ಆ್ಯಪನ್ನು ಮಲಗಿಸಿಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ತೆಗೆದೆ, ಒಂದು ಅಪ್‌ಡೇಟ್ ಬಂತು, ಮತ್ತೆ ಮಲಗಿತು. ರಿಂಗ್ ಆಗುತ್ತೋ ಇಲ್ಲವೋ ಅನ್ನುವ ಇಂಟರ್‌ಕಾಮ್‌ಗಿಂತ ಕೂಗುವುದೇ ವಾಸಿ.

ಎತ್ತದಿದ್ದರೂ ತಾನೇ ತೆರೆದುಕೊಳ್ಳುವ ಆಟೋ ಆನ್ಸರ್ ಕೂಡ ಹಾಕಿ ನೋಡಿದೆ. ಮಧ್ಯಾಹ್ನ ಮಲಗಿದ್ದ ಅಪ್ಪನ ತಲೆದೆಸೆಯಲ್ಲಿ ನನ್ನ ದನಿ ಬಂತು. ಅವತ್ತೇ ತೆಗೆಸಿದರು.

ಕೊನೆಗೆ ಉಳಿದಿದ್ದು ಬೆರಕೆ. ಮನೆಯೊಳಗೆ ಇಪಿಎಬಿಎಕ್ಸ್, ಹಳೇ ಫೋನ್‌ಗಳು. ಶೆಡ್‌ಗೆ ತಾಮ್ರದ ಬದಲು ಫೈಬರ್ ಎಳೆಸಿದೆ (ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯಲ್ಲ), ಕೇಬಲ್ ನೆಟ್‌ನ ಹುಡುಗ ಬಂದು ಎರಡು ತುದಿ ಜೋಡಿಸಿಕೊಟ್ಟ. ಕೇಬಲ್ ಕೊಳ್ಳುವಾಗ ನೋಡಿ, ಕೆಲವದರಲ್ಲಿ ಬಲಕ್ಕೆ ಅಂತ ಉಕ್ಕಿನ ತಂತಿ ಇರುತ್ತದೆ, ಅದನ್ನು ಎಳೆದರೆ ಸಿಡಿಲಿಗೆ ಮತ್ತೆ ದಾರಿ ಮಾಡಿಕೊಟ್ಟ ಹಾಗೆ. ಫೈಬರ್‌ಗೆ ಎರಡೂ ಕಡೆ ಒಂದೊಂದು ಮೀಡಿಯಾ ಕನ್ವರ್ಟರ್, ಅಂದರೆ ಫೈಬರನ್ನು ಸಾದಾ ನೆಟ್ ಕೇಬಲ್‌ಗೆ ಜೋಡಿಸುವ ಡಬ್ಬಿ. ಆಸ್ಟರಿಸ್ಕ್‌ಗೆ ಸಾದಾ ಫೋನ್ ಜೋಡಿಸುವ ಅಡಾಪ್ಟರ್‌ಗೆ ಎಟಿಎ ಅಂತಾರೆ, ಶೆಡ್‌ನಲ್ಲಿ ಒಂದು ಎಟಿಎ, ಅದಕ್ಕೆ ಗುಂಡಿ ಒತ್ತುವ ಫೋನ್, ನಂಬರ್ 102. ಮನೆಯಲ್ಲಿ ಇನ್ನೊಂದು ಎಟಿಎ, ಅದರ ತಂತಿ ಇಪಿಎಬಿಎಕ್ಸ್‌ನಲ್ಲಿ ಹೊರಗಿನ ಲೈನ್ ಹಾಕುವ ಜಾಗಕ್ಕೆ. ಅಂದರೆ ಅಮ್ಮ ಸೊನ್ನೆ ಒತ್ತಿದರೆ ಆ ಎಟಿಎಯ ಟೋನ್ ಬರುತ್ತದೆ, ಆಮೇಲೆ 102. ಖರ್ಚು ಜಾಸ್ತಿ ಆಯಿತು, ಎಟಿಎಗಳದ್ದೇ ಹೆಚ್ಚು. ಶೆಡ್‌ನ ಕರೆಂಟ್ ಲೈನಿನಲ್ಲಿ ಸಿಡಿಲು ಬರುವ ಭಯ ಹಾಗೇ ಇದೆ. ಆದರೆ ಸುಟ್ಟರೂ ಅಲ್ಲಿನದಷ್ಟೇ ಸುಡುತ್ತದೆ, ಫೋನ್ ತಂತಿ ಹಿಡಿದು ಮನೆಗೆ ಬರಲ್ಲ.

ಸೊನ್ನೆ ಆಮೇಲೆ 102 ಅನ್ನುವುದು ಮಾತ್ರ ಅಮ್ಮನಿಗೆ ಕಿರಿಕಿರಿ. ಅವಳ ಫೋನಿನಲ್ಲಿ ನಂಬರ್ ನೆನಪಿಟ್ಟುಕೊಳ್ಳುವ ಎಂ1 ಬಟನ್‌ಗೆ ಅದನ್ನು ತುಂಬಿದೆ. ಮೊದಲು ಕೆಲಸ ಮಾಡಲಿಲ್ಲ, ಟೋನ್ ಬರುವ ಮೊದಲೇ 102 ಓಡಿಬಿಡುತ್ತಿತ್ತು. ಸೊನ್ನೆ ಆದಮೇಲೆ ಒಂದು ಪಾಜ್, ಅಂದರೆ ಚೂರು ಬಿಡುವು, ಸೇರಿಸಿದ ಮೇಲೆ ಸರಿಯಾಯಿತು. ಈಗ ರಾತ್ರಿ ಚಹಾ ಆದ ಕೂಡಲೇ ಎಂ1 ಒತ್ತಿ "ಎಷ್ಟು ಲೋಟ?" ಅಂತಷ್ಟೇ ಕೇಳಿ ಇಟ್ಟುಬಿಡುತ್ತಾಳೆ.