ಗಿಡ ಕೊಡುವ ಮುಂಚೆ ಸಂಪ್ ಎಲ್ಲಿದೆ ಅಂತ ಕೇಳಿದ ನರ್ಸರಿ

ಬೆಂಗಳೂರಿನ ಕನಕಪುರ ರಸ್ತೆ ಕಡೆ ಒಂದು ಚಿಕ್ಕ ನರ್ಸರಿ ಇದೆ. ಬೋರ್ಡ್ ಸರಿಯಾಗಿ ಕಾಣುವುದಿಲ್ಲ, ಹಸಿರು ಶೇಡ್ ನೆಟ್ ನೋಡಿಕೊಂಡೇ ಹೋಗಬೇಕು. ಎರಡು ವರ್ಷದಿಂದ ನಮ್ಮ ಮನೆಗೂ ಬೀದಿಗೂ ಗಿಡ ತರುತ್ತಿರುವುದು ಅಲ್ಲಿಂದಲೇ.

ನಮ್ಮದು 30×40 ಸೈಟು. ಮನೆ ಕಟ್ಟಿದ ಹೊಸದರಲ್ಲಿ ಬೇರೆ ಕಡೆಯಿಂದ ಒಂದು ಫೈಕಸ್ ತಂದು ಗೇಟ್ ಪಕ್ಕ ನೆಟ್ಟಿದ್ದೆವು. ಅದು ಆಲ, ಅರಳಿಯ ಜಾತಿ, ತೇವ ಸಿಕ್ಕಲ್ಲಿಗೆ ಬೇರು ನುಗ್ಗುತ್ತದೆ ಅಂತ ಮಾರಿದವರು ಹೇಳಲಿಲ್ಲ, ನಮಗೂ ಗೊತ್ತಿರಲಿಲ್ಲ. ಏಳನೇ ವರ್ಷ ಸಂಪ್ ತೊಳೆಸೋಣ ಅಂತ ಮುಚ್ಚಳ ತೆಗೆದರೆ ಗೋಡೆಯ ಬಿರುಕಿನಿಂದ ಬೇರು ಜಡೆಯ ಹಾಗೆ ನೀರಿಗೆ ಇಳಿದಿತ್ತು. ನಮ್ಮ ಕಾಂಪೌಂಡ್ ಒಳಗಿನ ಮರವೇ ಆದರೂ ಸುಮ್ನೆ ಕಡಿಯುವ ಹಾಗಿಲ್ಲ, 1976ರ ಮರ ಸಂರಕ್ಷಣೆ ಕಾಯ್ದೆ ಇದೆ, ಅರ್ಜಿ ಹಾಕಿ ಅನುಮತಿ ತಗೊಂಡು ಕಡಿಸಿದೆವು. ದುಡ್ಡು ಹೋಗಿದ್ದಕ್ಕಿಂತ ಬುಲ್‌ಬುಲ್ ಗೂಡು ಕಟ್ಟುತ್ತಿದ್ದ ಮರ ಹೋಗಿದ್ದು ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಮರದ ತಪ್ಪೇನಿತ್ತು? ನೆಟ್ಟ ಜಾಗ ತಪ್ಪು.

ಆಮೇಲೆ ಈ ನರ್ಸರಿಗೆ ಹೋಗಿ ಗುಲ್‌ಮೊಹರ್ ಕೊಡಿ ಅಂದೆ. ಯಜಮಾನರು ಗಿಡ ತೋರಿಸಲೇ ಇಲ್ಲ. "ಸಂಪ್ ಎಲ್ಲಿದೆ ಮೇಡಂ? ಕರೆಂಟ್ ಲೈನ್ ಯಾವ ಕಡೆ?" ಅಂತ ಶುರು ಮಾಡಿದರು. ಭಾನುವಾರ ಮನೆಗೇ ಬಂದು ಟೇಪ್ ಹಿಡಿದು ಅಳೆದರು. ಕಾವೇರಿ ನೀರಿನ ಪೈಪು, ಒಳಚರಂಡಿಯ (ಯುಜಿಡಿ) ಚೇಂಬರ್, ಮೇಲಿನ ತಂತಿ, ಮಧ್ಯಾಹ್ನ ಮೂರಕ್ಕೆ ಬಿಸಿಲು ಬೀಳುವ ಗೋಡೆ, ಎಲ್ಲ ನೋಡಿದರು. ಗುಲ್‌ಮೊಹರ್ ಕೊಂಬೆ ಮೆದು, ಬೇರು ಆಳಕ್ಕೆ ಹೋಗಲ್ಲ, ಏಪ್ರಿಲ್-ಮೇನಲ್ಲಿ ಗಾಳಿ ಮಳೆ ಬಂದಾಗ ಕಾರುಗಳ ಮೇಲೆ ಬೀಳೋದು ಅದೇ ಜಾಸ್ತಿ, ಮೈದಾನದಲ್ಲಿ ಚಂದ, ಇಲ್ಲಿ ಬೇಡ ಅಂದುಬಿಟ್ಟರು. ತಂತಿ ಇರುವ ಕಡೆ ಪಾರಿಜಾತ, ಹಿತ್ತಲಲ್ಲಿ ಕರಿಬೇವು ಮತ್ತು ನಿಂಬೆ. ತಂತಿಯೇ ಇಲ್ಲದ ಎದುರಿನ ಪಾರ್ಕ್ ಅಂಚಿಗೆ ಹೊಂಗೆ. ಪಾರ್ಕ್ ಜಾಗಕ್ಕೆ ಪಾಲಿಕೆಯವರನ್ನು ಕೇಳಿಯೇ ನೆಡಿ ಅಂತಲೂ ಹೇಳಿದರು, ಹಾಗೇ ಮಾಡಿದೆವು. ದೊಡ್ಡ ಗಿಡ ಕೇಳಿಕೊಂಡು ಹೋದವಳಿಗೆ ಚಿಕ್ಕದನ್ನು ಕೊಟ್ಟು ಕಳಿಸುವ ಅಂಗಡಿ ಎಷ್ಟಿವೆ ಹೇಳಿ.

ಇನ್ನೊಂದು ಹೇಳಲೇಬೇಕು. ನಾನು ಆರಿಸಿದ ಹೊಂಗೆ ಆಳೆತ್ತರ ಇತ್ತು, ಎಲೆ ಫಳಫಳ. ಅವರು ಬ್ಲೇಡಿನಿಂದ ಕವರ್ ಕೊಯ್ದು ತಳ ತೋರಿಸಿದರು. ಬೇರು ಹಗ್ಗ ಸುತ್ತಿಟ್ಟ ಹಾಗೆ ಸುತ್ತಿಕೊಂಡಿತ್ತು. ಕವರಿನಲ್ಲೇ ಜಾಸ್ತಿ ದಿನ ಉಳಿದ ಗಿಡ ಹೀಗಾಗುತ್ತದಂತೆ, ನೆಲಕ್ಕಿಟ್ಟರೂ ಬೇರು ಅಲ್ಲಲ್ಲೇ ಸುತ್ತುತ್ತದೆ, ದೊಡ್ಡದಾದ ಮೇಲೆ ಗಾಳಿಗೆ ನಿಲ್ಲುವುದಿಲ್ಲ. ಅದನ್ನು ಪಕ್ಕಕ್ಕಿಟ್ಟು ಮೊಣಕಾಲೆತ್ತರದ್ದು ಕೊಟ್ಟರು, ಬೆಲೆಯೂ ಕಡಿಮೆ.

ಜೂನ್‌ನಲ್ಲಿ ಎರಡು ಮಳೆ ಬಿದ್ದ ಮೇಲೆ ನೆಟ್ಟೆವು. ಎರಡಡಿ ಗುಂಡಿ, ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಬುಡದ ಸುತ್ತ ಮೂರಡಿ ಮಣ್ಣು ಹಾಗೇ ಬಿಡಿ, ಟೈಲ್ಸ್, ಕಾಂಕ್ರೀಟ್ ಹಾಕಿಸಬೇಡಿ ಅಂತ ಅವರು ಎರಡು ಸಲ ಹೇಳಿದ್ದರು. ನಮ್ಮ ಊರಲ್ಲಿ ಫುಟ್‌ಪಾತ್ ಕೆಲಸ ಮಾಡುವಾಗ ಕಾಂಡಕ್ಕೆ ತಾಗುವ ಹಾಗೆ ಸಿಮೆಂಟ್ ಸುರಿದಿರುವುದು ಎಷ್ಟು ಕಡೆ ನೋಡಿಲ್ಲ ನಾವು, ಅಲ್ವಾ?

ಕೊರತೆಯೂ ಇದೆ. ಮಳೆಗಾಲದಲ್ಲಿ ಫೋನ್ ಎತ್ತುವುದೇ ಇಲ್ಲ, ನೇರವಾಗಿ ಹೋಗಬೇಕು. ಯುಪಿಐ ಇದೆ, ಬಿಲ್ ಕೇಳಿದರೆ ಮಾತ್ರ ಕೊಡುತ್ತಾರೆ. ಮರದ ಗಿಡ ಬಿಟ್ಟು ಹೂವಿನ ಕುಂಡ, ಒಳಾಂಗಣದ ಗಿಡ ಬೇಕಿದ್ದರೆ ಅಲ್ಲಿ ಆಯ್ಕೆ ಕಡಿಮೆ, ಅದಕ್ಕೆ ಲಾಲ್‌ಬಾಗ್ ಕಡೆಗೇ ಹೋಗಿ.

ಹೋಗುವಾಗ ಮನೆ ಮುಂದಿನ ಜಾಗದ ಫೋಟೋ, ಮೇಲಿನ ತಂತಿಯೂ ಕಾಣುವ ಹಾಗೆ, ತೆಗೆದುಕೊಂಡು ಹೋಗಿ. ಅವರು ಮೊದಲು ಕೇಳುವುದೇ ಅದನ್ನು.