ಟೈಲ್ಸ್ ಸ್ಪೇಸರ್, ನಾಲ್ಕು ವರ್ಷದ ನಂತರ: ಹಾಕುವುದು ಸುಲಭ, ತೆಗೆಯುವುದೇ ಕೆಲಸ

2021ರ ಫೆಬ್ರವರಿಯಲ್ಲಿ ಶಿವಮೊಗ್ಗದ ನಮ್ಮ ಮನೆಗೆ ಟೈಲ್ಸ್ ಹಾಕಿಸಿದಾಗ ಕೊಂಡ ಸಾಮಾನುಗಳಲ್ಲಿ ಅತಿ ಅಗ್ಗವಾಗಿದ್ದದ್ದು ಸ್ಪೇಸರ್, ಅಂದರೆ ಟೈಲ್‌ಗಳ ನಡುವೆ ಒಂದೇ ಅಗಲದ ಸಂದು ಉಳಿಯಲೆಂದು ಇಡುವ ತುಂಡು. ನೂರರ ಪೊಟ್ಟಣದಲ್ಲಿ ಬರುವ, ಕೂಡಿಸುವ ಚಿಹ್ನೆಯ ಆಕಾರದ 2 ಮಿ.ಮೀ. ಪ್ಲಾಸ್ಟಿಕ್ ತುಂಡುಗಳು ಒಂದು ಬಗೆಯವು. ಟೈಲ್‌ಗಳ ಮಟ್ಟವನ್ನು ಸರಿಹಿಡಿಯುವ, ಟೈಲಿನಡಿ ಸಿಕ್ಕಿಸುವ ಕ್ಲಿಪ್ ಮತ್ತು ಅದರೊಳಗೆ ತೂರಿಸುವ ಬೆಣೆಗಳ ಜೋಡಿ ಇನ್ನೊಂದು ಬಗೆಯದು. ಹಾಲಿನ ನೆಲಕ್ಕೆ 600×1200 ಮಿ.ಮೀ. ವಿಟ್ರಿಫೈಡ್ ಟೈಲ್, ಬಚ್ಚಲುಮನೆಯ ಗೋಡೆಗೆ 300×600 ಮಿ.ಮೀ. ಸೆರಾಮಿಕ್ ಟೈಲ್ ಬಳಸಿದೆವು. ಎರಡು ಕಡೆಯೂ ಸ್ಪೇಸರ್ ಒಂದೇ ಅಂಗಡಿಯದು, ಕೆಲಸಗಾರರೂ ಅವರೇ. ಆದರೂ ಇಂದು ಹಾಲಿನ ಸಂದುಗಳು ಹಾಕಿದ ದಿನದಂತೆಯೇ ಇವೆ, ಬಚ್ಚಲುಮನೆಯ ಸಂದುಗಳು ಹಾಗಿಲ್ಲ. ಆ ವ್ಯತ್ಯಾಸಕ್ಕೆ ಕಾರಣ ಸ್ಪೇಸರಿನ ಗುಣಮಟ್ಟವಲ್ಲ, ಅದನ್ನು ಒಂದು ಕಡೆ ತೆಗೆದು ಇನ್ನೊಂದು ಕಡೆ ಒಳಗೇ ಬಿಟ್ಟದ್ದು.

ಸ್ಪೇಸರ್ ಬೇಕೇ ಬೇಕೆಂದು ನಾನು ಹಟ ಹಿಡಿಯಲು ನಮ್ಮ ಹಳೆಯ ಮನೆ ಕಾರಣ. ಅಲ್ಲಿ ಸಂದು ಕಾಣಬಾರದೆಂದು ಟೈಲ್‌ಗೆ ಟೈಲ್ ಒತ್ತಿಸಿ ಕೂರಿಸಿದ್ದರು. ಕೆಲವು ವರ್ಷ ಏನೂ ಆಗಲಿಲ್ಲ. ಒಂದು ಏಪ್ರಿಲ್ ಮಧ್ಯಾಹ್ನ ಪಟಾಕಿ ಸಿಡಿದಂಥ ಸದ್ದಿನೊಂದಿಗೆ ಹಾಲಿನ ನಡುವೆ ಎರಡು ಸಾಲುಗಳು ಗುಡಾರದಂತೆ ಮೇಲೆದ್ದವು. 6 ಮೀಟರ್ ಉದ್ದದ ನೆಲ 20 ಡಿಗ್ರಿಯಷ್ಟು ಕಾದರೆ ಟೈಲ್ಸ್ ಹಿಗ್ಗುವುದು ಹೆಚ್ಚೆಂದರೆ ಒಂದು ಮಿಲಿಮೀಟರಿನ ಆಸುಪಾಸು, ಆದರೆ ಆ ಒಂದು ಮಿಲಿಮೀಟರಿಗೂ ಜಾಗವಿಲ್ಲದಿದ್ದರೆ ಅಂಟು ಬಿಡುವುದೊಂದೇ ದಾರಿ. ಹೀಗಾಗಿ ಹೊಸ ಮನೆಯಲ್ಲಿ ಎಲ್ಲೆಡೆ 2 ಮಿ.ಮೀ. ಸಂದು, ಗೋಡೆಯ ಬುಡದಲ್ಲಿ ಸ್ಕರ್ಟಿಂಗ್ ಮುಚ್ಚುವಷ್ಟು ಖಾಲಿ ಜಾಗ ಎಂದು ಮೊದಲೇ ಹೇಳಿದ್ದೆ.

"ಸಾರ್, ಈಗ ಎಲ್ಲರೂ ಜಾಯಿಂಟ್ ಇಲ್ಲದೇ ಹಾಕಿಸ್ತಾರೆ, ಗೆರೆ ಕಂಡರೆ ಚೆನ್ನಾಗಿರಲ್ಲ," ಎಂದು ಮೇಸ್ತ್ರಿ ಎರಡು ಬಾರಿ ಹೇಳಿದರು. ಅವರು ನನಗಿಂತ ಹಿರಿಯರು, ಕೈ ಬಲು ನಯ, ಆದ್ದರಿಂದ ವಾದಕ್ಕಿಳಿಯದೆ ಒಂದೇ ಡಬ್ಬಿಯ ನಾಲ್ಕು ಟೈಲ್‌ಗಳನ್ನು ಗೋಡೆಗೆ ಒರಗಿಸಿ ಅಂಚುಗಳನ್ನು ಹೋಲಿಸಿ ತೋರಿಸಿದೆ. ಒಂದು ಟೈಲ್ ಕೂದಲೆಳೆಯಷ್ಟು ದೊಡ್ಡದಿತ್ತು. ಒಂದೊಂದರಲ್ಲೂ ಅರ್ಧ ಮಿಲಿಮೀಟರ್ ಒಂದೇ ಕಡೆಗೆ ಏರುತ್ತ ಹೋದರೆ ಹತ್ತನೆಯ ಟೈಲ್‌ಗೆ ಬರುವಷ್ಟರಲ್ಲಿ ಸಾಲು 5 ಮಿ.ಮೀ. ಜಾರಿರುತ್ತದೆ, ಸಂದಿದ್ದರೆ ಅಲ್ಲಲ್ಲೇ ಹೊಂದಿಸಿಕೊಳ್ಳಬಹುದು. ಹಾಗೆಂದು ಸ್ಪೇಸರ್ ಹಾಕಿದಾಕ್ಷಣ ಸಾಲು ನೇರವಾಗುವುದಿಲ್ಲ. ಅದು ಸಂದಿನ ಅಗಲವನ್ನು ಕಾಯುತ್ತದೆಯೇ ಹೊರತು ಗೆರೆಯನ್ನಲ್ಲ. ನೂಲು ಕಟ್ಟಿ, ಮೂಲೆಮಟ್ಟ ಹಿಡಿದು ಮೊದಲ ಎರಡು ಸಾಲು ಸರಿ ಮಾಡಿಕೊಳ್ಳದಿದ್ದರೆ ಸ್ಪೇಸರ್ ಆ ತಪ್ಪನ್ನೇ ನಿಷ್ಠೆಯಿಂದ ಮುಂದಿನ ಗೋಡೆಯವರೆಗೆ ಒಯ್ಯುತ್ತದೆ.

ನಮ್ಮ ಹಾಲು ಸುಮಾರು 300 ಚದರ ಅಡಿ, ಅಂದರೆ ಸುಮಾರು 39 ಟೈಲ್. ಪ್ರತಿ ಅಂಚಿಗೆ ಎರಡರಂತೆ, ಅಂಚುಗಳು ಇಬ್ಬದಿಯ ಟೈಲ್‌ಗೂ ಸೇರುವುದರಿಂದ, ಟೈಲೊಂದಕ್ಕೆ ನಾಲ್ಕು ಸ್ಪೇಸರ್ ಬೇಕಾಗುತ್ತವೆ. 160ರಷ್ಟು ಸಾಕು, ಒಡೆದವು ಕಳೆದವು ಸೇರಿ ಎರಡು ಪೊಟ್ಟಣ ತಂದೆ. ಕ್ಲಿಪ್‌ಗಳು ಟೈಲೊಂದಕ್ಕೆ ಆರರಂತೆ 240ರವರೆಗೆ ಬೇಕಾದವು. ಬೆಣೆಗಳು ಮತ್ತೆ ಮತ್ತೆ ಬಳಸುವಂಥವು, ಹಾಗಾಗಿ ಒಂದು ದಿನದ ಕೆಲಸಕ್ಕಾಗುವಷ್ಟಿದ್ದರೆ ಸಾಲುತ್ತದೆ. ಕೊಳ್ಳುವಾಗ ಒಂದು ಸ್ಪೇಸರನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ರಬ್ಬರಿನಂತೆ ಮೆತ್ತಗೆ ಬಗ್ಗುವುದು ದೊಡ್ಡ ಟೈಲಿನ ಭಾರಕ್ಕೆ ಅಮುಕಿ ಹೋಗುತ್ತದೆ, ಗಟ್ಟಿಯಾಗಿದ್ದದ್ದೇ ಬೇಕು.

ಇನ್ನು ಇಡುವ ಬಗೆ. ನಾಲ್ಕು ಟೈಲ್‌ಗಳು ಕೂಡುವ ಮೂಲೆಯಲ್ಲಿ ಸ್ಪೇಸರನ್ನು ಮಲಗಿಸಿ ಒಳಗೆ ಒತ್ತುವುದು ಸಾಮಾನ್ಯ ರೂಢಿ, ಆದರೆ ಹಾಗೆ ಮಲಗಿದ ಸ್ಪೇಸರನ್ನು ಆಮೇಲೆ ಹಿಡಿಯಲು ಏನೂ ಸಿಗುವುದಿಲ್ಲ. ಹಾಲಿನಲ್ಲಿ ನಾವು ಮೂಲೆಯನ್ನು ಖಾಲಿ ಬಿಟ್ಟು, ಮೂಲೆಯಿಂದ ಮೂರು ನಾಲ್ಕು ಇಂಚು ದೂರದಲ್ಲಿ ಸ್ಪೇಸರನ್ನು ನಿಲ್ಲಿಸಿ, ಅದರ ಒಂದು ಕಾಲು ಸಂದಿನೊಳಗೂ ಉಳಿದದ್ದು ಮೇಲಕ್ಕೂ ಇರುವಂತೆ ಸಿಕ್ಕಿಸಿದೆವು. ನೋಡಲು ಬಿತ್ತನೆ ಮಾಡಿದ ಗದ್ದೆಯಲ್ಲಿ ಸಸಿ ಎದ್ದಂತೆ ಕಾಣುತ್ತಿತ್ತು, ಓಡಾಡಲು ತೊಂದರೆಯೂ ಆಯಿತು. ಮರುದಿನ ಮಾತ್ರ ಪ್ರತಿಯೊಂದೂ ಬೆರಳಿಗೇ ಬಂತು. ಸಂದಿನೊಳಗೆ ಉಕ್ಕಿ ಬಂದ ಅಂಟನ್ನು ಅಂದೇ ಸಂಜೆ ತೆಳು ಕಡ್ಡಿಯಿಂದ ಕೆರೆದು ತೆಗೆದದ್ದೂ ಇದಕ್ಕೆ ನೆರವಾಯಿತು, ಏಕೆಂದರೆ ಸ್ಪೇಸರನ್ನು ನಿಜವಾಗಿ ಕಚ್ಚಿ ಹಿಡಿಯುವುದು ಟೈಲ್ ಅಲ್ಲ, ಉಕ್ಕಿದ ಅಂಟು.

ಯಾವಾಗ ತೆಗೆಯಬೇಕು ಎಂಬುದರಲ್ಲಿ ನಾನೂ ಒಮ್ಮೆ ಎಡವಿದೆ. ಮೊದಲ ದಿನ ನಾಲ್ಕೈದು ಗಂಟೆಗೇ ಎರಡನ್ನು ಎಳೆದು ನೋಡಿದಾಗ ಟೈಲ್ ಮಿಸುಕಾಡಿತು, ಮೇಸ್ತ್ರಿ ಬೈಯದೆ ಬಿಟ್ಟದ್ದು ಅವರ ದೊಡ್ಡತನ. ಐಎಸ್ 15477 (ಟೈಲ್ ಅಂಟಿನ ಭಾರತೀಯ ಮಾನಕ) ಗುರುತಿನ ಅಂಟಿನ ಚೀಲದ ಮೇಲೆ 24 ಗಂಟೆ ಕಾಯಿರಿ ಎಂದಿತ್ತು, ನಂತರ ಅದನ್ನೇ ಪಾಲಿಸಿದೆವು. ವಾರಗಟ್ಟಲೆ ಬಿಟ್ಟರೆ ಧೂಳು, ಸಿಮೆಂಟ್ ಹುಡಿ ತುಂಬಿ ಸ್ಪೇಸರ್ ಬಿಗಿಯಾಗುತ್ತದೆ. ಒಂದು ಕೋಣೆಯಲ್ಲಿ ಹೀಗೆ ಉಳಿದವನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಲು ಹೋಗಿ ಒಂದು ಟೈಲಿನ ಅಂಚು ಅಕ್ಕಿ ಕಾಳಿನಷ್ಟು ಎದ್ದು ಹೋಯಿತು. ಅದರ ಮೇಲೀಗ ಮಂಚದ ಕಾಲಿದೆ. ಚೂಪು ಮೂತಿಯ ಇಕ್ಕಳದಿಂದ ನೇರ ಮೇಲಕ್ಕೆ ಎಳೆಯಬೇಕು, ಅಂಚಿನ ಮೇಲೆ ಭಾರ ಹಾಕಿ ಮೀಟಬಾರದು.

ಕ್ಲಿಪ್‌ಗಳ ಬಗ್ಗೆ ನನ್ನ ಮೆಚ್ಚುಗೆ ಅರೆಬರೆ. ಉದ್ದದ ಟೈಲ್‌ಗಳು ನಡುವೆ ತುಸು ಬಿಲ್ಲಿನಂತೆ ಬಾಗಿರುವುದರಿಂದ ಪಕ್ಕದ ಟೈಲಿನ ಅಂಚು ಏರಿಳಿಯುತ್ತದೆ. ಅದನ್ನು ಸಮ ಮಾಡುವುದರಲ್ಲಿ ಕ್ಲಿಪ್‌ಗೆ ಸಾಟಿಯಿಲ್ಲ, ನಮ್ಮ ಹಾಲಿನಲ್ಲಿ ಬರಿಗಾಲಿಗೆ ಎಲ್ಲಿಯೂ ಅಂಚು ತಾಗುವುದಿಲ್ಲ. ಆದರೆ ಬೆಣೆಯನ್ನು ಬಲವಂತವಾಗಿ ಬಿಗಿದರೆ ತಗ್ಗಿನಲ್ಲಿರುವ ಟೈಲ್ ಅಂಟಿನಿಂದ ಮೇಲೆದ್ದು ಅಡಿಯಲ್ಲಿ ಟೊಳ್ಳಾಗುತ್ತದೆ. ಅಡುಗೆಮನೆಯ ಬಾಗಿಲ ಬಳಿ ಒಂದು ಟೈಲ್ ತಟ್ಟಿದರೆ ಈಗಲೂ ಬೇರೆಯೇ ಸದ್ದು ಬರುತ್ತದೆ. ಅಂಟು ಗಟ್ಟಿಯಾದ ಮೇಲೆ ಕ್ಲಿಪ್‌ಗಳನ್ನು ಮುರಿದು ತೆಗೆಯುವಾಗ ರಬ್ಬರ್ ಸುತ್ತಿಗೆಯಿಂದ ಸಂದಿನ ಗೆರೆಯ ಉದ್ದಕ್ಕೆ ಹೊಡೆಯಬೇಕು. ಆಗ ಕ್ಲಿಪ್ ಬುಡದಲ್ಲಿ ಮುರಿದು, ತಳದ ಚಪ್ಪಟೆ ತುಂಡು ಟೈಲಿನಡಿ ಉಳಿಯುತ್ತದೆ, ಅದಕ್ಕೇನೂ ತೊಂದರೆಯಿಲ್ಲ. ಅಡ್ಡಕ್ಕೆ ಹೊಡೆದ ಆರೇಳು ಕ್ಲಿಪ್‌ಗಳು ನಡುವೆ ಮುರಿದವು. ಅವುಗಳ ಮೋಟನ್ನು ಬ್ಲೇಡಿನಿಂದ ಕತ್ತರಿಸುವುದರಲ್ಲೇ ಒಂದು ಮಧ್ಯಾಹ್ನ ಕಳೆಯಿತು. ದಪ್ಪ ಮರಳು ಗಾರೆಯ ಮೇಲೆ ಹಳೆಯ ಪದ್ಧತಿಯಲ್ಲಿ ಟೈಲ್ಸ್ ಕೂರಿಸುವವರು ಕ್ಲಿಪ್ ಕೊಳ್ಳುವುದು ಬೇಡ, ಅದು ತೆಳು ಅಂಟಿನ ಕೆಲಸಕ್ಕೆಂದೇ ಇರುವಂಥದ್ದು.

ಬಚ್ಚಲುಮನೆಯ ಗೋಡೆ ಮುಗಿಯುವ ಹೊತ್ತಿಗೆ ನಾನು ಊರಲ್ಲಿರಲಿಲ್ಲ. ಬಂದು ನೋಡಿದಾಗ ಸ್ಪೇಸರ್‌ಗಳೆಲ್ಲ ಮೂಲೆಗಳಲ್ಲಿ ಮಲಗಿದ್ದವು, ಮೇಲೆ ಗ್ರೌಟ್, ಅಂದರೆ ಸಂದು ಮುಚ್ಚುವ ಬಿಳಿ ಸಿಮೆಂಟ್, ತುಂಬಿಯಾಗಿತ್ತು. "ಒಳಗಿದ್ರೆ ಏನ್ ಸಾರ್, ಮೇಲೆ ಗ್ರೌಟ್ ಬಂತಲ್ಲ," ಎಂದರು ಮೇಸ್ತ್ರಿ. ಒಪ್ಪಿಕೊಂಡೆ. ಎರಡನೆಯ ಮಳೆಗಾಲದ ಹೊತ್ತಿಗೆ ಬಿಸಿನೀರು ಬೀಳುವ ಗೋಡೆಯಲ್ಲಿ, ಸರಿಯಾಗಿ ಕೂಡುಮೂಲೆಗಳಲ್ಲಿ ಮಾತ್ರ, ಗ್ರೌಟ್ ಪುಡಿಪುಡಿಯಾಗಿ ಉದುರಿ ಒಳಗಿನ ಪ್ಲಾಸ್ಟಿಕ್ ಇಣುಕತೊಡಗಿತು. ಉಳಿದ ಕಡೆ ಟೈಲಿನ ದಪ್ಪದಷ್ಟು ಆಳಕ್ಕೆ ಇಳಿದಿದ್ದ ಗ್ರೌಟ್ ಅಲ್ಲಿ ಒಂದೆರಡು ಮಿಲಿಮೀಟರಿನ ತೆಳು ಪದರವಾಗಿತ್ತು, ಪ್ಲಾಸ್ಟಿಕ್ಕಿಗೆ ಅದು ಅಂಟುವುದೂ ಇಲ್ಲ. ಉದುರಿದ ಕುಳಿಗಳಲ್ಲಿ ನೀರು ನಿಂತು ಕಪ್ಪು ಬೂಷ್ಟು ಹಿಡಿಯಿತು. ಕಳೆದ ವರ್ಷ ಆ ಒಂದು ಗೋಡೆಯ ಮೂಲೆಗಳನ್ನು ಕೆರೆದು, ಸಿಕ್ಕ ಸ್ಪೇಸರ್‌ಗಳನ್ನು ಕಿತ್ತು, ಸಿಮೆಂಟಿನ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ತುಂಬಿಸಿದೆ. ಅದಕ್ಕೆ ತಗುಲಿದ ಕೂಲಿ ಇಡೀ ಮನೆಯ ಸ್ಪೇಸರ್, ಕ್ಲಿಪ್‌ಗಳ ಬೆಲೆಗಿಂತ ಹೆಚ್ಚು.

ಐದಕ್ಕೆ ಸ್ಪೇಸರ್‌ಗೆ ನಾಲ್ಕೂವರೆ ಅಂಕ, ಕ್ಲಿಪ್‌ಗೆ ಮೂರೂವರೆ. ಬೆಣೆಗಳು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹಾಗೇ ಇವೆ, ಬೀದಿಯ ಎರಡು ಮನೆಗಳ ಕೆಲಸಕ್ಕೆ ಹೋಗಿ ಬಂದಿವೆ. ಕೇಳಿದವರಿಗೆ ಕೊಡುತ್ತೇನೆ, ಕ್ಲಿಪ್‌ಗಳನ್ನು ಮಾತ್ರ ಅವರೇ ಕೊಳ್ಳಬೇಕು.