ಸಂಡೂರು ಲಂಬಾಣಿ ಕಸೂತಿಯ ಹೆಸರಿನಲ್ಲಿ ಮಾರುವ ಚರ್ಮದ ಚೀಲ: ಕೊಳ್ಳುವ ಮೊದಲು ಓದಿ

ಬಳ್ಳಾರಿಯ ಪ್ರದರ್ಶನ-ಮಾರಾಟ ಮೇಳಗಳಲ್ಲಿ ‘ಅಪ್ಪಟ ಚರ್ಮ, ಸಂಡೂರು ಲಂಬಾಣಿ ಕೈಕಸೂತಿ’ ಎಂಬ ಚೀಟಿ ಹಚ್ಚಿದ ಡಿಸೈನರ್ ಹೆಗಲಚೀಲ ಕಂಡರೆ ದಯವಿಟ್ಟು ಆ ಚೀಟಿಯನ್ನೇ ನಂಬಿ ಹಣ ಕೊಡಬೇಡಿ. ತಂಗಿಗೆ ಉಡುಗೊರೆಯಾಗಿ ಕೊಡಲೆಂದು ಅಂಥದೊಂದನ್ನು ನಾನು ದುಬಾರಿ ಬೆಲೆ ತೆತ್ತು ಕೊಂಡಿದ್ದೆ. ಕಂದು ಬಣ್ಣದ ಮೈ, ಮುಚ್ಚಳದ ತುಂಬ ಕನ್ನಡಿಯ ಕಸೂತಿ, ಅಂಚಿಗೆ ಕವಡೆ, ಜಿಪ್ಪಿಗೆ ಉಣ್ಣೆಯ ಕುಚ್ಚು.

ನಮ್ಮ ಕಡೆಯ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಹೆಗಲಪಟ್ಟಿಯ ಮಡಿಕೆಗಳಲ್ಲಿ ಮೇಲ್ಪದರವು ಹಪ್ಪಳದಂತೆ ಎದ್ದು ಉದುರತೊಡಗಿತು, ಅದರ ಕೆಳಗೆ ನೇಯ್ದ ಬಟ್ಟೆ ಕಾಣಿಸಿತು. ನಿಜವಾದ ಚರ್ಮವು ಒಂದರೊಳಗೊಂದು ಹೆಣೆದುಕೊಂಡ ನಾರುಗಳಿಂದ ಆದುದರಿಂದ ಸವೆಯಬಹುದು, ಬಿರುಕು ಬಿಡಬಹುದು, ಆದರೆ ಅದರಡಿಯಲ್ಲಿ ಬಟ್ಟೆ ಇರುವುದಿಲ್ಲ. ಇದು ಬಟ್ಟೆಗೆ ಪಾಲಿಯುರಿಥೇನ್ ಲೇಪಿಸಿದ ರೆಕ್ಸಿನ್ ಆಗಿದ್ದು, ಬಿಸಿಲು ಮತ್ತು ಬೆವರಿಗೆ ಆ ಲೇಪ ಬೇಗ ಹಾಳಾಗುತ್ತದೆ. ಪಟ್ಟಿಯ ಕತ್ತರಿಸಿದ ಅಂಚನ್ನು ಬಣ್ಣ ಬಳಿದು ಮುಚ್ಚಿದ್ದರೆ ಅನುಮಾನ ಪಡಿ, ಮುಚ್ಚದ ಅಂಚು ತೋರಿಸಲು ಕೇಳಿ.

ಕಸೂತಿಯ ಮೋಸ ನನಗೆ ಇನ್ನೂ ಹೆಚ್ಚು ನೋವು ತಂದಿತು. ಅಸ್ತರು ಬಿಚ್ಚಿದಾಗ ಹಿಂಬದಿಯಲ್ಲೆಲ್ಲ ಒಂದೇ ಬಿಳಿ ದಾರ, ಕಾಗದದಂಥ ಒತ್ತುಪದರ, ಅಂದರೆ ಯಂತ್ರದ ಹೊಲಿಗೆ. ಕನ್ನಡಿಗಳು ಗೋಂದಿನಿಂದ ಅಂಟಿಸಿದ ಪ್ಲಾಸ್ಟಿಕ್ ಬಿಲ್ಲೆಗಳು. ಕೈಕೆಲಸದಲ್ಲಿ ಮುಂದಿನ ಬಣ್ಣದ ದಾರವೇ ಹಿಂದೆಯೂ ಹಾಯ್ದಿರುತ್ತದೆ, ಗಂಟುಗಳು ಕಾಣುತ್ತವೆ, ಕನ್ನಡಿಯನ್ನು ಸುತ್ತಲೂ ದಾರವೇ ಹಿಡಿದಿರುತ್ತದೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಆ ಹೆಸರು ಆ ಪ್ರದೇಶದ ಅಸಲಿ ಕೆಲಸಕ್ಕೆ ಮಾತ್ರ ಸಲ್ಲುತ್ತದೆ ಎಂಬ ಕಾನೂನು ಮಾನ್ಯತೆ, ದೊರೆತಿದೆ. ತಾಂಡಾಗಳ ಹೆಣ್ಣುಮಕ್ಕಳು ದಿನಗಟ್ಟಲೆ ಕೂತು ಹಾಕುವ ಕಿಲನ್, ವೇಲೆ, ಮಾಕಿ ಹೊಲಿಗೆಗಳ ಹೆಸರು ಹೇಳಿ ಯಂತ್ರದ ಮಾಲು ಮಾರುವವರು ಅವರ ಕೂಲಿಯನ್ನೇ ಕಸಿಯುತ್ತಿದ್ದಾರೆ.

ಮಾರಿದವರಿಗೆ ಫೋನ್ ಮಾಡಿದಾಗ ‘ನಾವು ಹೇಳಿದ್ದು ಚರ್ಮದ ಫಿನಿಶ್ ಅಂತ’ ಎಂದು ಮಾತು ತಿರುಗಿಸಿದರು. ಬಿಲ್ಲಿನಲ್ಲಿ ‘ಫ್ಯಾನ್ಸಿ ಬ್ಯಾಗ್’ ಎಂದಷ್ಟೇ ಬರೆದಿದ್ದರು. ನನ್ನ ಬಳಿ ಉಳಿದ ಬಲವಾದ ಸಾಕ್ಷಿ ಚೀಲಕ್ಕೆ ಹಚ್ಚಿದ್ದ ಆ ಚೀಟಿಯೊಂದೇ, ಅದನ್ನೇ ಆಧಾರವಾಗಿ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಇಂಥ ಚೀಲ ಈಗಾಗಲೇ ಕೊಂಡವರು ಚೀಟಿ, ಬಿಲ್ಲು, ಹಣ ಕಳಿಸಿದ ದಾಖಲೆಯನ್ನು ಎಸೆಯದೆ ಇಟ್ಟುಕೊಳ್ಳಿ. ಕೊಳ್ಳುವವರು ‘ಅಪ್ಪಟ ಚರ್ಮ, ಕೈಕಸೂತಿ’ ಎಂಬ ಮಾತನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಬರೆಯಲು ಒಪ್ಪದಿದ್ದರೆ ಚೀಲವನ್ನು ಅಲ್ಲಿಯೇ ಬಿಟ್ಟುಬನ್ನಿ.